ಪಟ್ಟಿಯಲ್ಲಿ ಇಲ್ಲದ ಲೈನು

ಫೆಬ್ರವರಿ 3, ಸೋಮವಾರ

ಏಳಕ್ಕೆ ಪಾಳಿ. ಆರು ಐವತ್ತಕ್ಕೇ ಹೋಗಿ ಕೂತೆ. ಹಿಂದಿನ ಪಾಳಿಯವನು ಆಕಳಿಸುತ್ತಲೇ ಸಹಿ ಹಾಕಿ ಹೊರಟ. ಕುರ್ಚಿ ಇನ್ನೂ ಬೆಚ್ಚಗಿತ್ತು.

ಏಳಕ್ಕೆ ಸರಿಯಾಗಿ ಹಾಟ್‌ಲೈನ್. ಪಕ್ಕದ ರಾಜ್ಯದ ವಿದ್ಯುತ್ ಕಂಟ್ರೋಲ್ ರೂಮು. ಬೆಸ ಗಂಟೆಗೆ ಅವರು ಮಾಡಬೇಕು, ಸಮ ಗಂಟೆಗೆ ನಾನು. ಹತ್ತೊಂಬತ್ತು ವರ್ಷದಿಂದ ಇದೇ ಕ್ರಮ, ಇದೇ ದನಿ. ಮುಖ ನೋಡಿಲ್ಲ. ಇಲ್ಲಿ ಬರೆಯುವಾಗ 'ಆಚೆಯವರು' ಅನ್ನುತ್ತೇನೆ, ಅಷ್ಟೆ.

"ಹಳೇ ಲೈನು, ಇಪ್ಪತ್ತೆಂಟು ಮೆಗಾವಾಟ್."

"ನನ್ನ ಕಡೆನೂ ಇಪ್ಪತ್ತೆಂಟು."

"ಸೋಮವಾರ ಅಲ್ವಾ? ಗಡಿಯಾರ ಹೇಳಿ."

"ಮುಳ್ಳು ಈಗ ಹದಿನೆಂಟನೇ ಸೆಕೆಂಡಿಗೆ ಬಂತು."

"ನಂದೂ ಹದಿನೆಂಟು. ಕೆಮ್ಮು ಹೇಗಿದೆ?"

"ಇದೆ."

"ಬಿಸಿನೀರು ಕುಡೀರಿ ಮೇಡಮ್. ಇದನ್ನೂ ರೀಡಿಂಗ್ ಅಂತ್ಲೇ ಬರ್ಕೊಳ್ಳಿ."

ಶನಿವಾರ ಮೂರಕ್ಕೆ ಪಾಳಿ ಮುಗಿದ ಮೇಲೆ ನಾನು ಬಾಯಿ ತೆರೆದದ್ದು ಇವತ್ತೇ. ತಮ್ಮ ಪ್ರತ್ಯೇಕ ದೇಶದ ಚಳವಳಿಯ ಮೆರವಣಿಗೆ ಅಂತ ಹೋಗಿದ್ದ, ಭಾನುವಾರದ ಊಟಕ್ಕೆ ಬರಲಿಲ್ಲ.

ಆಚೆ ರಾಜ್ಯಕ್ಕೂ ನಮಗೂ ನಡುವೆ ದೊಡ್ಡ ಲೈನುಗಳು ಎಂಟು. ಅವುಗಳ ಅಂಕಿ ತಾನಾಗಿ ಸ್ಕ್ರೀನಿಗೆ ಬರುತ್ತದೆ. ಈ ಹಳೇದು ಒಂದು ಮಾತ್ರ ಅಜ್ಜನ ಕಾಲದ್ದು, ಸ್ಕ್ರೀನಿನಲ್ಲಿಲ್ಲ. ಗಡಿ ಸ್ಟೇಷನ್ನಿನಿಂದ ಅಂಕಿ ತರಿಸಿಕೊಂಡು ನಾವಿಬ್ಬರು ಬಾಯಲ್ಲೇ ತಾಳೆ ನೋಡಬೇಕು. ಸರಿಮಾಡಿಸಿ ಅಂತ ಒಂದು ಅರ್ಜಿ ಹಾಕಿದ್ದರೆ ಎಂದೋ ಆಗುತ್ತಿತ್ತು. ಇಬ್ಬರೂ ಹಾಕಿಲ್ಲ.

ಫೆಬ್ರವರಿ 5, ಬುಧವಾರ

ಸರ್ಕಾರ ನೇಮಿಸಿದ ಸಮಿತಿಯಿಂದ ಕಾಗದ. ರಾಜ್ಯ ದೇಶದಿಂದ ಬೇರೆಯಾದರೆ ತನ್ನ ಹೊಟ್ಟೆ ತಾನು ಹೊರೆದುಕೊಳ್ಳಬಲ್ಲುದೇ? ಜನ ವೋಟು ಹಾಕುವ ಮೊದಲು ವರದಿ ಬೇಕಂತೆ, ಅಧ್ಯಾಯಕ್ಕೊಬ್ಬರು. ತೆರಿಗೆ, ಸಾಲದ ಪಾಲು, ಬಂದರು, ನಾಣ್ಯ, ಪಿಂಚಣಿ — ಎಲ್ಲದಕ್ಕೂ ದೊಡ್ಡ ದೊಡ್ಡವರು. ಕರೆಂಟು ನನ್ನ ತಲೆಗೆ ಬಂದಿದೆ. ಚೀಫ್ ಹೇಳಿದರು: "ನಿಮ್ಮಷ್ಟು ಹಳಬರು ಇನ್ಯಾರಿದ್ದಾರೆ ಹೇಳಿ." ಹೊಗಳಿಕೆಯೋ ವಯಸ್ಸಿನ ಲೆಕ್ಕವೋ ತಿಳಿಯಲಿಲ್ಲ.

ಕೂತು ಬರೆದೆ. ವರ್ಷದ ಲೆಕ್ಕ ನೋಡಿದರೆ ನಾವು ಶ್ರೀಮಂತರು. ಬಳಸುವುದಕ್ಕಿಂತ ಹೆಚ್ಚೇ ತಯಾರಿಸುತ್ತೇವೆ. ಭಾಷಣ ಮಾಡುವವರೆಲ್ಲ ಹೇಳುವುದು ಇದನ್ನೇ, ಸುಳ್ಳೇನಲ್ಲ. ಆದರೆ ಕರೆಂಟನ್ನು ವರ್ಷದ ಲೆಕ್ಕದಲ್ಲಿ ಯಾರೂ ಬಳಸುವುದಿಲ್ಲ. ಸಂಜೆ ಎಲ್ಲರೂ ಮನೆಗೆ ಬಂದು ಒಟ್ಟಿಗೆ ಸ್ವಿಚ್ ಒತ್ತುತ್ತಾರೆ. ಆ ಕ್ಷಣಕ್ಕೆ ಎಷ್ಟು ಬೇಕೋ ಅಷ್ಟೇ ಆ ಕ್ಷಣದಲ್ಲೇ ಹುಟ್ಟಬೇಕು. ಸರಿಸಮ ಇದ್ದರೆ ಮೀಟರು ಐವತ್ತು ತೋರಿಸುತ್ತದೆ. ಕಡಿಮೆ ಹುಟ್ಟಿದರೆ ಇಳಿಯುತ್ತದೆ, ತುಂಬ ಇಳಿದರೆ ಎಲ್ಲ ಕತ್ತಲು. ಇಳಿಯತೊಡಗಿದಾಗ ಇಷ್ಟು ವರ್ಷ ಆಚೆಯಿಂದ ಬಂದು ತುಂಬಿದೆ. ಅವರಿಗೆ ಇಳಿದಾಗ ನಮ್ಮಿಂದ ಹೋಗಿದೆ. ಯಾರೂ ಕೇಳಿ ಪಡೆದದ್ದಲ್ಲ, ತಂತಿ ಇದೆ, ಹರಿಯುತ್ತದೆ.

ಓದಿ ನೋಡಿದರೆ ಕರೆಂಟಿನ ವಿಷಯಕ್ಕಿಂತ ಬೇರೇನೋ ಬರೆದ ಹಾಗಿದೆ. ಎರಡು ಸಾಲು ಹೊಡೆದು ಹಾಕಿದೆ.

ಫೆಬ್ರವರಿ 9, ಭಾನುವಾರ

ತಮ್ಮ ಬಂದ. ಬಂದವನೇ ಅಡುಗೆಮನೆಯ ನಲ್ಲಿ ಬಿಚ್ಚಿ ವಾಷರ್ ಬದಲಿಸಿದ. ತಿಂಗಳಿಂದ ತೊಟ್ಟಿಕ್ಕುತ್ತಿತ್ತು. ಕೈ ಇನ್ನೂ ಲೇತ್ ಮಷೀನಿನವನದೇ.

ಊಟಕ್ಕೆ ಕೂತಾಗ ಅದೇ ಮಾತು. "ನೂರು ರೂಪಾಯಿ ತೆರಿಗೆ ಕೊಟ್ರೆ ನಲವತ್ತೂ ವಾಪಸ್ ಬರಲ್ಲ ಅಕ್ಕ. ದುಡಿಯೋರು ನಾವು, ಬಡಿಸೋರು ಅವರು. ಬೇರೆ ಒಲೆ ಹೂಡಿದ್ರೆ ತಪ್ಪೇನು?"

"ಒಲೆ ಹೂಡಬಹುದು. ಬಂದರು ಅವರ ಕಡೆ ಇದೆ. ಹಳೇ ಸಾಲದಲ್ಲಿ ನಮ್ಮ ಪಾಲಿದೆ. ನನ್ನ ಪಿಂಚಣಿ ಯಾರು ಕೊಡ್ತಾರೆ?"

"ಕೂತು ಮಾತಾಡಿ ತೀರ್ಮಾನ ಮಾಡ್ಕೋತೀವಿ."

"ನೀನು ಎದುರು ಮನೆಯವನ ಹತ್ರ ಸ್ಕೂಟರ್ ನಿಲ್ಲಿಸೋ ಜಾಗ ತೀರ್ಮಾನ ಮಾಡ್ಕೊಂಡಿಲ್ಲ, ಮೂರು ವರ್ಷ ಆಯ್ತು."

ನಕ್ಕ. ಅವನು ನಕ್ಕದ್ದು ನೋಡಿ ಇನ್ನೊಂದು ಸೌಟು ಸಾರು ಬಡಿಸಿದೆ. ಕಾರ್ಖಾನೆಗೆ ಬರುತ್ತಿದ್ದ ಆರ್ಡರೆಲ್ಲ ಇಲ್ಲದ ಕಾರಣ ಹೇಳಿ ದೂರದ ಊರಿಗೆ ಹೋದವು, ಬಾಗಿಲು ಮುಚ್ಚಿತು. ಆಮೇಲೆ ಎರಡು ವರ್ಷ ಗೋಡೆಗೆ ಮುಖ ಮಾಡಿ ಮಲಗಿದ್ದ. ನಾನು ಬುತ್ತಿ ಕೊಂಡೊಯ್ದರೆ ತಿರುಗಿಯೂ ನೋಡುತ್ತಿರಲಿಲ್ಲ. ಎದ್ದು ಗಡ್ಡ ತೆಗೆದದ್ದು ಈ ಚಳವಳಿ ಬಂದ ಮೇಲೆ. ಅದು ಸರಿಯೋ ತಪ್ಪೋ, ನನ್ನ ತಮ್ಮನನ್ನು ಮಂಚದಿಂದ ಎಬ್ಬಿಸಿದ್ದಂತೂ ನಿಜ.

ಹೋಗುವಾಗ ಹೇಳಿದ: "ನಿನ್ನ ಅಧ್ಯಾಯದಲ್ಲಿ ಆಗುತ್ತೆ ಅಂತ ಬರಿ ಅಕ್ಕ."

"ಇದ್ದದ್ದು ಬರೀತೀನಿ."

"ಇರೋದೇ ಅದು."

ಫೆಬ್ರವರಿ 12, ಬುಧವಾರ

'ವರ್ಷದ ಲೆಕ್ಕದಲ್ಲಿ ಸಾಧ್ಯ. ಕ್ಷಣದ ಲೆಕ್ಕದಲ್ಲಿ ಪರೀಕ್ಷಿಸದೆ ಹೇಳಲಾಗದು' ಅಂತ ಬರೆದಿದ್ದೆ. ಹಾಗಾದರೆ ಪರೀಕ್ಷಿಸಿ ಅಂದುಬಿಟ್ಟರು. ಬರುವ ಭಾನುವಾರ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಆಚೆಗೆ ಹೋಗುವ ಲೈನೆಲ್ಲ ತೆರೆದು, ಅಂದರೆ ಸಂಪರ್ಕ ಕಡಿದು, ಆರು ಗಂಟೆ ನಮ್ಮಷ್ಟಕ್ಕೆ ನಾವೇ.

ಯಾವ್ಯಾವ ಲೈನು ಅಂತ ಪಟ್ಟಿ ಕೇಳಿದರು. ಸ್ಕ್ರೀನ್ ನೋಡಿ ಹತ್ತು ನಿಮಿಷದಲ್ಲಿ ಬರೆದುಕೊಟ್ಟೆ. ಚೀಫ್ ಸಹಿ, ಆಚೆ ಕಡೆಯ ಚೀಫ್ ಸಹಿ. ಆಯಿತು.

ಫೆಬ್ರವರಿ 14, ಶುಕ್ರವಾರ

ಸುತ್ತೋಲೆ. ಪರೀಕ್ಷೆಯ ಹೊತ್ತಿನಲ್ಲಿ ಆಚೆ ರೂಮಿನೊಂದಿಗೆ ಮಾತು ಬೇಡ, ದಿನದ ರೀಡಿಂಗೂ ಬೇಡ. ಸಹಾಯ ಕೇಳಿದರು ಅಂತ ಆಮೇಲೆ ಯಾರೂ ಅನ್ನಬಾರದಂತೆ.

ಹನ್ನೊಂದರ ರೀಡಿಂಗಿನಲ್ಲಿ ಹೇಳಿದೆ.

"ಆರು ಗಂಟೆ ಮೌನವ್ರತ ಅನ್ನಿ," ಅಂದರು.

"ನಿಮಗೂ ವಿಶ್ರಾಂತಿ."

"ನನಗ್ಯಾಕೆ ವಿಶ್ರಾಂತಿ? ಮನೇಲಿ ಅದೇ ತಾನೆ ಇರೋದು."

ಅವರ ಮನೆಯ ವಿಷಯ ಅವರು ಆಡಿದ ಮಾತು ಹತ್ತೊಂಬತ್ತು ವರ್ಷದಲ್ಲಿ ಇದು ಎರಡನೆಯದೋ ಮೂರನೆಯದೋ.

ಫೆಬ್ರವರಿ 16, ಭಾನುವಾರ, ಸಂಜೆ 6

ಗೆದ್ದೆವು. ಹಾಗಂತ ಎಲ್ಲರೂ ಹೇಳುತ್ತಿದ್ದಾರೆ.

ಗಾಜಿನಾಚೆ ಸಮಿತಿಯವರು, ಪತ್ರಿಕೆಯವರು, ಚಳವಳಿಯ ಪರವಾಗಿ ಹತ್ತು ಜನ. ಅದರಲ್ಲಿ ತಮ್ಮ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಹತ್ತಕ್ಕೆ ಎಂಟು ಲೈನು ಒಂದೊಂದಾಗಿ ತೆರೆದೆವು. ಸ್ಕ್ರೀನಿನಲ್ಲಿ ಎಂಟು ಸೊನ್ನೆ. ಮೀಟರು ಐವತ್ತರ ಮೇಲೆ ಮೊಳೆ ಹೊಡೆದಂತೆ ನಿಂತಿತು. ನನಗೇ ಅಚ್ಚರಿ.

ಎರಡು ಹತ್ತಕ್ಕೆ ನಮ್ಮ ನಾಲ್ಕನೇ ಯಂತ್ರ ಕೈಕೊಟ್ಟಿತು. ಒಮ್ಮೆಲೇ ಎಪ್ಪತ್ತು ಮೆಗಾವಾಟ್ ಖೋತಾ. ಯಾವ ಬೀದಿಯ ಕರೆಂಟು ಮೊದಲು ತೆಗೆಯಬೇಕೆಂಬ ಪಟ್ಟಿ ಕೈಗೆತ್ತಿಕೊಂಡೆ. ಬೇಕಾಗಲಿಲ್ಲ. ಮುಳ್ಳು ಒಂದು ಕೂದಲೆಳೆ ಅಲ್ಲಾಡಿ ಮತ್ತೆ ಐವತ್ತಕ್ಕೆ ಬಂತು. ಗಾಜಿನಾಚೆ ಚಪ್ಪಾಳೆ. ತಮ್ಮ ಅಳುತ್ತಿದ್ದ. ನಾಲ್ಕಕ್ಕೆ ಲೈನುಗಳನ್ನು ಮತ್ತೆ ಸೇರಿಸಿದೆವು, ಸಿಹಿ ಹಂಚಿದರು.

ಹನ್ನೊಂದಕ್ಕೆ, ಒಂದಕ್ಕೆ, ಮೂರಕ್ಕೆ ಫೋನಿನ ಕಡೆ ಕಣ್ಣು ಹೋಯಿತು. ಅಭ್ಯಾಸ.

ಫೆಬ್ರವರಿ 17, ಸೋಮವಾರ

ಏಳಕ್ಕೆ ಅವರು.

"ಹಳೇ ಲೈನು, ಮೂವತ್ತು. ಸೋಮವಾರ. ಗಡಿಯಾರ?"

"ಇಪ್ಪತ್ತೆರಡು... ಈಗ."

"ನಂದೂ ಇಪ್ಪತ್ತೆರಡು."

ಬರೆದುಕೊಂಡೆ. ಬರೆದ ಮೇಲೆ ಪೆನ್ನು ನಿಂತಿತು. ಎರಡು ಕೋಣೆಯಲ್ಲೂ ಇರುವುದು ಕರೆಂಟಿನ ಬಡಿತಕ್ಕೆ ನಡೆಯುವ ಹಳೇ ಗೋಡೆ ಗಡಿಯಾರ. ಒಂದೇ ಜಾಲದಲ್ಲಿರುವುದರಿಂದ ತಪ್ಪಿದರೂ ಎರಡೂ ಒಟ್ಟಿಗೆ ತಪ್ಪುತ್ತವೆ. ಆದರೆ ನಿನ್ನೆ ಆರು ಗಂಟೆ ಬೇರೆ ಬೇರೆ ಇದ್ದೆವಲ್ಲ. ಒಂದು ಸೆಕೆಂಡಾದರೂ ಹಿಂದೆ ಮುಂದೆ ಆಗಿರಬೇಕಿತ್ತು.

"ಸರ್, ನಿನ್ನೆ ಹಳೇ ಲೈನು..."

ಆ ಕಡೆ ಪುಟ ತಿರುವಿದ ಸದ್ದು. ಆಮೇಲೆ ಓದಿದರು. ಹತ್ತಕ್ಕೆ ಮೂವತ್ತೊಂದು. ಹನ್ನೆರಡಕ್ಕೆ ನಲವತ್ತು. ಎರಡು ಹತ್ತಕ್ಕೆ ತೊಂಬತ್ತೇಳು.

"ನಿಮ್ಮ ಪಟ್ಟಿಯಲ್ಲಿ ಅದು ಇರಲಿಲ್ಲ ಮೇಡಮ್. ಗೊತ್ತಿದ್ದೇ ಬಿಟ್ಟಿದ್ದೀರಿ ಅಂದ್ಕೊಂಡೆ."

ಗೊತ್ತಿರಲಿಲ್ಲ. ಮರೆತಿದ್ದೆ. ದಿನಕ್ಕೆ ಒಂಬತ್ತು ಸಲ ಅದರ ಹೆಸರು ಹೇಳುವವಳು ಪಟ್ಟಿ ಬರೆಯುವಾಗ ಮರೆತಿದ್ದೆ. ಅದು ನನ್ನ ತಲೆಯಲ್ಲಿ ಲೈನಾಗಿ ಉಳಿದೇ ಇಲ್ಲ. ಅದು ಇವರು. ಇವರನ್ನು ಪಟ್ಟಿಗೆ ಸೇರಿಸುವುದು ಹೇಗೆ ತೋಚೀತು?

ಆರು ಗಂಟೆ ನಮ್ಮ ಕಾಲ ಮೇಲೆ ನಾವು ನಿಂತಿರಲಿಲ್ಲ. ಹಿಂದಿನಿಂದ ಒಬ್ಬರು ಹಿಡಿದುಕೊಂಡಿದ್ದರು.

ಫೆಬ್ರವರಿ 18

ಪತ್ರಿಕೆಯಲ್ಲಿ ದೊಡ್ಡ ಅಕ್ಷರ: 'ಸಾಧ್ಯ'. ನನ್ನ ಫೋಟೋ ಕೂಡ. ಕೂದಲು ಬಾಚಿಕೊಂಡಿದ್ದು ಒಳ್ಳೆಯದಾಯಿತು.

ಫೆಬ್ರವರಿ 21, ಶುಕ್ರವಾರ

ಮೂರು ದಿನ ಅಂಕಿ ಬಿಟ್ಟು ಇನ್ನೇನೂ ಆಡಿರಲಿಲ್ಲ ಇಬ್ಬರೂ. ಇವತ್ತು ಒಂದರ ರೀಡಿಂಗಿನಲ್ಲಿ ಕೇಳಿದೆ.

"ತೊಂಬತ್ತೇಳಕ್ಕೆ ಭಾರ ತಾಳದೆ ಆ ಲೈನು ಬಿದ್ದುಹೋಗಬೇಕಿತ್ತಲ್ಲ ಸರ್?"

"ಬೀಳ್ತಿತ್ತು. ನಮ್ಮ ಕಡೆ ಒಂದು ಯಂತ್ರ ಏರಿಸಿ ಹಿಡಿದೆ."

"ಯಾಕೆ?"

"ನೀವು ಆ ಕುರ್ಚಿಯಲ್ಲಿ ಕೂತಿದ್ರಲ್ಲ."

ಒಂದರ ಅಂಕಿಯನ್ನೇ ಇನ್ನೊಮ್ಮೆ ಓದಿದೆ. ಅವರೂ ಇನ್ನೊಮ್ಮೆ ಬರೆದುಕೊಂಡರು.

"ನಮ್ಮ ಪುಸ್ತಕದಲ್ಲಿ ಎಲ್ಲ ಇದೆ," ಅಂದರು. "ಯಾರೂ ತೆಗೆದು ನೋಡಲ್ಲ. ನೀವು ಹೇಳೋದಾದ್ರೆ ಹೇಳಿ, ಬಿಡೋದಾದ್ರೆ ಬಿಡಿ. ನನ್ನ ಕಡೆಯಿಂದ ಮಾತು ಹೊರಡಲ್ಲ."

ಅತ್ತ ದರಿ, ಇತ್ತ ಪುಲಿ. ಹೇಳಿದರೆ ತಮ್ಮ ಮತ್ತೆ ಗೋಡೆಗೆ ಮುಖ ಮಾಡುತ್ತಾನೆ. ಹೇಳದಿದ್ದರೆ ನನ್ನ ಹತ್ತು ನಿಮಿಷದ ಪಟ್ಟಿಯನ್ನು ನಂಬಿ ಇಡೀ ರಾಜ್ಯ ವೋಟು ಹಾಕುತ್ತದೆ. ಒಂದು ಸಂಜೆ ಕರೆಂಟು ಹೋಗುತ್ತದೆ, ಹಿಡಿಯಲು ಯಾರೂ ಇರುವುದಿಲ್ಲ. ಆಸ್ಪತ್ರೆ, ಲಿಫ್ಟು, ನೀರಿನ ಪಂಪು.

ಫೆಬ್ರವರಿ 23, ಭಾನುವಾರ

ಊಟಕ್ಕೆ ಮೊದಲೇ ಹೇಳಿಬಿಟ್ಟೆ. ಊಟ ಆದ ಮೇಲೆ ಹೇಳಬೇಕಿತ್ತು.

ಮೊದಲು ಅವನಿಗೆ ಅರ್ಥವಾಗಲಿಲ್ಲ. ಆಮೇಲೆ ಆಯಿತು.

"ಒಂದು ಹಳೇ ಲೈನಿಗೆ ಇಷ್ಟು ಮಾಡ್ತೀಯಲ್ಲ ಅಕ್ಕ. ನೂರಕ್ಕೆ ಎಷ್ಟು ಅದು?"

"ಐದು."

"ಐದು. ಮಿಕ್ಕ ತೊಂಬತ್ತೈದು ನಾವೇ ಅಲ್ವಾ?"

"ಬೀಳೋದು ಆ ಐದರಲ್ಲೇ ಕಣೋ."

"ಪಟ್ಟಿ ಬರೆದೋಳು ನೀನು. ಈಗ ಇಲ್ಲ ಅನ್ನೋಳೂ ನೀನೇ." ತಟ್ಟೆ ಸರಿಸಿದ. "ಬೇಕಂತಲೇ ಬಿಟ್ಟಿದ್ದಾ? ನಿಜ ಹೇಳು. ಆಚೆ ಅವನ್ಯಾರೋ ಇದ್ದಾನಲ್ಲ, ದಿನಾ ಮಾತಾಡ್ತೀಯಲ್ಲ..."

"ಮಾತು ಸರಿಯಾಗಿ ಆಡು."

"ನಮ್ಮೋರು ಅಂತ ನಿನಗೆ ನಾನೊಬ್ಬನೇ ಇರೋದು. ಅದಾದ್ರೂ ನೆನಪಿರಲಿ."

ಎದ್ದು ಹೋದ. ಅವನು ಹೇಳಿದ್ದರಲ್ಲಿ ಸುಳ್ಳು ಯಾವುದು ಅಂತ ಕೂತು ಹುಡುಕಿದೆ. ಬೇಕಂತಲೇ ಬಿಟ್ಟೆ ಅನ್ನುವುದೊಂದೇ ಸುಳ್ಳು. ಅದೂ ಎಷ್ಟು ಸುಳ್ಳೋ ಗೊತ್ತಿಲ್ಲ. ಅಡುಗೆ ಎರಡು ದಿನಕ್ಕೆ ಆಯಿತು.

ಫೆಬ್ರವರಿ 26, ಬುಧವಾರ

ಚೀಫ್ ಕೈಗೆ ಒಂದು ಪುಟದ ಕಾಗದ ಕೊಟ್ಟೆ. ಓದಿದರು. ಕನ್ನಡಕ ತೆಗೆದು ಇನ್ನೊಮ್ಮೆ ಓದಿದರು.

"ನಿಮ್ಮ ತಪ್ಪು ಅಂತಲೇ ಬರೀಬೇಕಾಗುತ್ತೆ."

"ಬರೆದಿದ್ದೀನಲ್ಲ ಸರ್, ಮೂರನೇ ಸಾಲು."

"ಇಷ್ಟು ದಿನ ಆ ಲೈನು ಸ್ಕ್ರೀನಿಗೆ ಯಾಕೆ ಬಂದಿಲ್ಲ?"

ಅದಕ್ಕೆ ಉತ್ತರ ನನ್ನ ಹತ್ತಿರ ಇತ್ತು, ಆಫೀಸಿನಲ್ಲಿ ಹೇಳುವಂಥದಲ್ಲ.

ಮಾರ್ಚ್ 2, ಭಾನುವಾರ

ಬರಲಿಲ್ಲ. ಬರುವುದಿಲ್ಲ ಅಂತ ಗೊತ್ತಿದ್ದೂ ಇಬ್ಬರಿಗೆ ಮಾಡಿದ್ದೆ. ಪತ್ರಿಕೆಯಲ್ಲಿ ಇವತ್ತೂ ನನ್ನ ಫೋಟೋ, ಅದೇ ಫೋಟೋ, ಕೆಳಗೆ ಬೇರೆ ಮಾತು. ಮೂಲೆ ಅಂಗಡಿಯವನು ಚಿಲ್ಲರೆಯನ್ನು ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟ.

ಬಾಯಿಬಿಟ್ಟು ಹೇಳುತ್ತೇನೆ — ಒಂಟಿ ಅನ್ನಿಸುತ್ತಿದೆ. ತುಂಬ.

ಮಾರ್ಚ್ 6, ಗುರುವಾರ

ಭಾನುವಾರ ಮತ್ತೆ ಪರೀಕ್ಷೆ. ಒಂಬತ್ತು ಲೈನು. ಆಚೆಯವರೊಂದಿಗೆ ಮಾತಾಡಿಕೊಂಡೇ ತೆರೆಯಬೇಕು, ಒಂಬತ್ತನೆಯದನ್ನು ನಾನೇ ಹೇಳಿ ತೆರೆಸಬೇಕು. ಎರಡು ಹತ್ತಕ್ಕೆ ನಾಲ್ಕನೇ ಯಂತ್ರವನ್ನು ಬೇಕೆಂದೇ ನಿಲ್ಲಿಸುತ್ತಾರಂತೆ. ಹೋದ ಸಲದ್ದೇ ಸರಿಯಾಗಿ ನಡೆಯಲಿ ಅಂತ.

ಚೀಫ್ ಹೊರಡುತ್ತ ಇನ್ನೊಂದು ಹೇಳಿದರು, ಖುಷಿಯಿಂದಲೇ. "ಏಪ್ರಿಲ್ ಒಂದರಿಂದ ಹಳೇ ಲೈನೂ ಸ್ಕ್ರೀನಿಗೆ ಬರುತ್ತೆ. ಇನ್ನು ನಿಮಗೆ ಗಂಟೆಗೊಂದು ಫೋನಿನ ರಗಳೆ ಇಲ್ಲ. ಹಾಟ್‌ಲೈನ್ ತುರ್ತಿಗೆ ಮಾತ್ರ."

ನಾನೇ ಬರೆದುಕೊಟ್ಟ ಕಾಗದದ ಫಲ. ಮಾಡಿದ್ದುಣ್ಣೋ ಮಹರಾಯ.

ಮಾರ್ಚ್ 9, ಭಾನುವಾರ, ಸಂಜೆ 5

ಬೆಳಿಗ್ಗೆ ಎಂಟು ಲೈನು ಆದವು. ಕೊನೆಗೆ ಫೋನ್ ಎತ್ತಿದೆ.

"ಹಳೇದು. ತೆಗೀರಿ ಸರ್."

"ತೆಗೆದೆ."

"ಸೊನ್ನೆನಾ?"

"ಸೊನ್ನೆ." ಇಡುವ ಮುಂಚೆ, "ನೀರು ಕುಡಿದು ಕೂತ್ಕೊಳ್ಳಿ," ಅಂದರು.

ಮುಳ್ಳು ಈ ಸಲ ಒಂದು ಕಡೆ ನಿಲ್ಲಲಿಲ್ಲ. ನಡೆಯಲು ಕಲಿತ ಮಗುವಿನಂತೆ ಅತ್ತಿತ್ತ ವಾಲುತ್ತಲೇ ಇತ್ತು. ಎರಡು ಹತ್ತಕ್ಕೆ ಯಂತ್ರ ನಿಂತಿತು. ನಲವತ್ತೊಂಬತ್ತು ಬಿಂದು ಆರು. ಬಿಂದು ಮೂರು. ಬಿಂದು ಒಂದು. ಬೀದಿಗಳ ಪಟ್ಟಿ ತೆಗೆದೆ. ಒಂದು, ಎರಡು, ಮೂರು. ನಾಲ್ಕನೆಯದು ತಮ್ಮನ ಬೀದಿ. ಪಟ್ಟಿ ನಾನು ಮಾಡಿದ್ದಲ್ಲ, ತಿಂಗಳಿಗೊಮ್ಮೆ ಸರದಿ ತಿರುಗುತ್ತದೆ. ಒಂದನ್ನು ಹಾರಿಸಿ ಐದಕ್ಕೆ ಹೋಗಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಪಟ್ಟಿಯಲ್ಲಿ ಒಂದನ್ನು ಬಿಟ್ಟು ಒಮ್ಮೆ ಅನುಭವಿಸಿದ್ದು ಸಾಕು. ನಾಲ್ಕನ್ನೂ ತೆಗೆಸಿದೆ. ಐದು, ಆರು, ಏಳು. ಅಲ್ಲಿಗೆ ನಿಂತಿತು. ನಿಧಾನವಾಗಿ ಏರಿತು. ಮುಕ್ಕಾಲು ಗಂಟೆಗೆ ಏಳು ಬೀದಿಗೂ ಕರೆಂಟು ಬಂತು. ಚಪ್ಪಾಳೆ ಯಾರೂ ತಟ್ಟಲಿಲ್ಲ.

ಮನೆಗೆ ಬಂದು ಮೊಬೈಲ್ ನೋಡಿದರೆ ತಮ್ಮನ ಮೆಸೇಜು, ಎರಡು ಮೂವತ್ತರದ್ದು. 'ನಮ್ಮ ಬೀದಿ ಹೋಯ್ತು. ನೀನೇನಾ?'

'ಹೌದು' ಅಂತ ಕಳಿಸಿದೆ. ಓದಿದ್ದಾನೆ. ಉತ್ತರ ಇಲ್ಲ.

ಮಾರ್ಚ್ 10, ಸೋಮವಾರ

"ಗಡಿಯಾರ?"

"ಹನ್ನೆರಡು."

"ನಂದು ಇಪ್ಪತ್ತಮೂರು," ಅಂದರು.

ಹನ್ನೊಂದು ಸೆಕೆಂಡು ನಾನು ಹಿಂದೆ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ.

"ತಿರುಗಿಸಿ ಸರಿಮಾಡ್ಕೊಳ್ತೀರಾ?" ಕೇಳಿದರು.

"ಇರಲಿ ಸರ್. ನಿಜವಾಗಿ ಆಗಿದ್ದು ಅಂತ ಒಂದಿರಲಿ."

ಮಾರ್ಚ್ 14, ಶುಕ್ರವಾರ

ಅಧ್ಯಾಯದ ಕೊನೆಯ ಸಾಲು ಕಳಿಸಿದೆ. 'ಬೇರೆಯಾಗಿ ಬದುಕಬಹುದು. ಆದರೆ ಕಡಿಮೆ ಬಿದ್ದಾಗ ಯಾರು ಕರೆಂಟಿಲ್ಲದೆ ಕೂರಬೇಕೆಂಬುದನ್ನು ವೋಟಿಗೆ ಮೊದಲೇ ಜನರಿಗೆ ಹೇಳಬೇಕು.' ಎರಡನೇ ವಾಕ್ಯ ತೆಗೆಯಬಹುದೇ ಅಂತ ಸಮಿತಿಯಿಂದ ಫೋನು. ಹಾಗಿದ್ದರೆ ಎರಡನ್ನೂ ತೆಗೆಯಿರಿ ಅಂದೆ. ಇಟ್ಟುಕೊಂಡರು. ಚಳವಳಿಯವರು ಮೊದಲನೆಯದನ್ನು ಗೋಡೆಗೆ ಅಂಟಿಸುತ್ತಾರೆ, ವಿರೋಧದವರು ಎರಡನೆಯದನ್ನು.

ಮಾರ್ಚ್ 30, ಭಾನುವಾರ

ಮೂರು ವಾರದ ಮೇಲೆ ಮೆಸೇಜು. 'ನಲ್ಲಿ ಸೋರ್ತಿದೆಯಾ?'

ಸೋರುತ್ತಿಲ್ಲ. 'ಸ್ವಲ್ಪ' ಅಂತ ಬರೆದೆ.

'ಮುಂದಿನ ವಾರ ನೋಡೋಣ.'

ನೋಡೋಣ ಅಂದರೆ ಬರುವುದಿಲ್ಲ ಅಂತ. ಆದರೂ ಮೂರು ಸಲ ಓದಿದೆ. ಗಡ್ಡ ತೆಗೆದಿದ್ದಾನೋ ಇಲ್ಲವೋ ಕೇಳಲು ಧೈರ್ಯ ಬರಲಿಲ್ಲ.

ಮಾರ್ಚ್ 31, ಸೋಮವಾರ, ಮಧ್ಯಾಹ್ನ 2.50

ಈ ಪುಸ್ತಕವನ್ನು ಆಫೀಸಿಗೆ ತಂದದ್ದು ಇದೇ ಮೊದಲು. ಮೇಜಿನ ಮೇಲೆ ಲಾಗ್ ಬುಕ್ಕಿನ ಪಕ್ಕದಲ್ಲೇ ಇಟ್ಟುಕೊಂಡು ಬರೆಯುತ್ತಿದ್ದೇನೆ. ಬೆಳಿಗ್ಗೆಯೇ ಇಬ್ಬರು ಬಂದು ಸ್ಕ್ರೀನಿನಲ್ಲಿ ಒಂಬತ್ತನೇ ಚೌಕ ಕೂರಿಸಿ ಹೋದರು. ನಾಳೆಯಿಂದ ಅಂಕಿ ತಾನಾಗಿ ಬೀಳುತ್ತದೆ. ಈಗ ಖಾಲಿ ಇದೆ.

ಎರಡರದು ನಾನು ಮಾಡಿದೆ. ಇಬ್ಬರೂ ಅಂಕಿ ಬಿಟ್ಟು ಬೇರೆ ಮಾತಾಡಲಿಲ್ಲ. ಮೂರರದು ಅವರದು. ಅದೇ ಕೊನೆ.

ಮನೆಯ ನಂಬರ್ ಕೇಳಬಹುದು. ಹತ್ತೊಂಬತ್ತು ವರ್ಷ ಕೇಳದೆ ಇವತ್ತು ಕೇಳಿದರೆ ಏನಂದುಕೊಳ್ಳುತ್ತಾರೋ. ಕೇಳದಿದ್ದರೆ ಏನಂದುಕೊಳ್ಳುತ್ತಾರೋ ಅದೂ ಗೊತ್ತಿಲ್ಲ. ಐವತ್ನಾಲ್ಕು ವಯಸ್ಸಿನಲ್ಲಿ ಇದೊಂದು ಪರೀಕ್ಷೆ ಬೇರೆ, ಇದಕ್ಕೆ ಸಮಿತಿ ಇಲ್ಲ, ಪಟ್ಟಿ ಇಲ್ಲ.

2.58. ಪೆನ್ನಿನ ಮುಚ್ಚಳ ಎರಡು ಸಲ ಹಾಕಿ ತೆಗೆದೆ. ನಗು ಬರುತ್ತದೆ.

ನನ್ನ ಗಡಿಯಾರದಲ್ಲಿ ಮೂರಕ್ಕೆ ಇನ್ನೂ ಅರ್ಧ ನಿಮಿಷ. ಅವರದರಲ್ಲಿ ಹತ್ತೊಂಬತ್ತೇ ಸೆಕೆಂಡು. ಮೊದಲು ಅವರು ರೀಡಿಂಗ್ ಹೇಳುತ್ತಾರೆ. ಇಪ್ಪತ್ತಾರು. ನಾನೂ ಇಪ್ಪತ್ತಾರು ಅನ್ನುತ್ತೇನೆ. ಆಮೇಲೆ ಅವರು ಫೋನ್ ಇಡುವುದರೊಳಗೆ ನಂಬರ್ —